ಎರಡು ನಿಮಿಷದ ಆಟ, ಒಂದು ಗೋಡೆ ಗಡಿಯಾರ

ನಮ್ಮ ಮನೆಯ ಚಾವಡಿಯಲ್ಲಿ ಒಂದು ಗೋಡೆ ಗಡಿಯಾರ ಉಂಟು. ಹಸಿರು ಪ್ಲಾಸ್ಟಿಕ್ ಅಂಚು, ಒಳಗೆ ಮಂಕಾದ ಗುಲಾಬಿ ಹೂವಿನ ಚಿತ್ರ. ಆರರ ಅಂಕಿಯ ಬಾಲ ಉದುರಿ ಈಗ ಸೊನ್ನೆಯ ಹಾಗೆ ಕಾಣುತ್ತದೆ. 1999ರ ಏಪ್ರಿಲ್ ರಜೆಯಲ್ಲಿ ನಾವು ಅದನ್ನು ವಿಡಿಯೊ ಗೇಮ್ ಪಂದ್ಯದಲ್ಲಿ ಗೆದ್ದೆವು. ಲಾಯಿಲದಲ್ಲಿ, ಆ ಕಾಲದಲ್ಲಿ, ವಿಡಿಯೊ ಗೇಮ್ ಪಂದ್ಯವಾ ಎಂದು ನಗಬೇಡಿ. ನಡೆದಿತ್ತು. ಹದಿನಾರು ಮಕ್ಕಳು ಆಡಿದ್ದರು, ತಲಾ ಹತ್ತು ರೂಪಾಯಿ ಪ್ರವೇಶ ಶುಲ್ಕ.

ಮೊದಲೇ ಒಂದು ಮಾತು. ಪತ್ರಿಕೆಗೆ ಬರೆದು ಬರೆದು ‘ನಾನು’ ಎಂದು ಬರೆಯಲು ನಮ್ಮ ಕೈ ಓಡುವುದಿಲ್ಲ. ಡಿಪ್ಲೊಮಾ ತರಗತಿಯಲ್ಲಿ ‘ನಾನು’ ಕಂಡಲ್ಲೆಲ್ಲ ಕೆಂಪು ಗೆರೆ ಬೀಳುತ್ತಿತ್ತು. ಹಾಗಾಗಿ ಇಲ್ಲಿಯೂ ‘ನಾವು’. ತಪ್ಪು ಮಾಡಿದ ಕಡೆ ಬಂದಾಗ ಮಾತ್ರ, ಆ ‘ನಾವು’ ಒಬ್ಬರೇ ಎಂದು ಓದಿಕೊಳ್ಳಿ.

ಬೆಳ್ತಂಗಡಿಯಿಂದ ಉಜಿರೆ ಕಡೆಗೆ, ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಊರು ನಮ್ಮದು. ಆಚೆ ಓಣಿಯ ಮನೆಯ ಅಣ್ಣ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ. ನಾವೆಲ್ಲ ಅವನನ್ನು ಬೊಂಬಾಯಿ ಅಣ್ಣ ಎಂದೇ ಕರೆಯುತ್ತಿದ್ದೆವು. ಆ ವರ್ಷ ರಜೆಗೆ ಬಂದಾಗ ಒಂದು ಟಿ.ವಿ. ಗೇಮ್ ಸೆಟ್ ತಂದ. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು. ಆಗ ನಮಗೆ ಅದೆಲ್ಲ ಎಲ್ಲಿ ಗೊತ್ತು? ನಮಗೆ ಗೊತ್ತಿದ್ದದ್ದು ಇಷ್ಟು: ಆಂಟೆನಾ ವಯರು ಕಿತ್ತು ಅಲ್ಲಿ ಅದರ ವಯರು ಸಿಕ್ಕಿಸಬೇಕು, ಚಾನೆಲ್ ತಿರುಗಿಸುತ್ತಾ ಹೋಗಬೇಕು, ಮಳೆ ಹೊಯ್ದ ಹಾಗೆ ಕಾಣುವ ಪರದೆಯಲ್ಲಿ ಇದ್ದಕ್ಕಿದ್ದ ಹಾಗೆ ಆಟಗಳ ಪಟ್ಟಿ ಮೂಡುತ್ತದೆ. ಅರ್ಧ ಗಂಟೆಯಲ್ಲಿ ಅಡಾಪ್ಟರ್ ದೋಸೆ ಕಾವಲಿಯಾಗುತ್ತದೆ. ಹಳದಿ ಕ್ಯಾಸೆಟಿನ ಮೇಲೆ ಸಾವಿರಗಟ್ಟಲೆ ಆಟ ಎಂದು ಬರೆದಿತ್ತು. ಒಳಗೆ ಇದ್ದದ್ದು ಹೆಚ್ಚೆಂದರೆ ಐವತ್ತು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ಹುಡುಗಿಯರಿಗೆ ಮಾರಿಯೊ. ಹುಡುಗರಿಗೆ ‘ಪ್ಲೇನ್ ಗೇಮ್’. ಅದರ ನಿಜವಾದ ಹೆಸರು ಸ್ಟಾರ್ ಫೋರ್ಸ್. ಒಂದು ಸಣ್ಣ ವಿಮಾನ ಮೇಲಕ್ಕೆ ಹೋಗುತ್ತಾ ಇರುತ್ತದೆ, ನೆಲದಲ್ಲಿರುವುದನ್ನೂ ಗಾಳಿಯಲ್ಲಿ ಬರುವುದನ್ನೂ ಹೊಡೆಯುತ್ತಾ ಹೋಗಬೇಕು. ಹಂತಗಳಿಗೆ ಆಲ್ಫಾ, ಬೀಟಾ ಎಂದು ಗ್ರೀಕ್ ಅಕ್ಷರಗಳ ಹೆಸರು. ಕಥೆ ಇಲ್ಲ, ಮಾತಿಲ್ಲ. ಪರದೆಯ ಮೇಲೆ ಅಂಕ ಏರುತ್ತಾ ಇರುತ್ತದೆ, ಅಷ್ಟೇ.

ಪಂದ್ಯ ಹುಟ್ಟಿದ್ದು ಜಗಳದಿಂದ. ಟಿ.ವಿ. ಒಂದು, ಸೆಟ್ ಒಂದು, ಮಕ್ಕಳು ಹದಿನಾರು. ಚೆನ್ನಾಗಿ ಆಡುವವನು ಒಮ್ಮೆ ಕೂತರೆ ಸಾಯುವುದೇ ಇಲ್ಲ. ಆಟ ಬಾರದವನು ಅರ್ಧ ನಿಮಿಷಕ್ಕೆ ಸತ್ತು, ಮತ್ತೆ ಒಂದೂವರೆ ಗಂಟೆ ಬಾಯಿ ಬಿಟ್ಟುಕೊಂಡು ಕಾಯಬೇಕು. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಒಂದು ದಿನ ಇದೇ ವಿಷಯಕ್ಕೆ ಅಂಗಿ ಹರಿಯುವವರೆಗೆ ಹೊಡೆದಾಟವಾಯಿತು. ಬೊಂಬಾಯಿ ಅಣ್ಣ ತನ್ನ ಕೈಗಡಿಯಾರ ಬಿಚ್ಚಿ ಟಿ.ವಿ. ಮೇಲಿಟ್ಟ. ‘ಒಬ್ಬೊಬ್ಬನಿಗೆ ಎರಡು ನಿಮಿಷ. ಬೀಪ್ ಅಂದ ಕೂಡಲೇ ನಾನು ಸ್ಟಾರ್ಟ್ ಬಟನ್ ಒತ್ತಿ ನಿಲ್ಲಿಸುತ್ತೇನೆ. ಆಗ ಎಷ್ಟು ಸ್ಕೋರ್ ಉಂಟೋ ಅಷ್ಟೇ’ ಎಂದ. ಎರಡು ದಿನ ಹಾಗೆ ಆಡಿಸಿದ. ಮೂರನೇ ದಿನ ಅವನಿಗೆ ವ್ಯಾಪಾರ ಹೊಳೆಯಿತು. ಹತ್ತು ರೂಪಾಯಿ ಕಟ್ಟಿ, ಗೆದ್ದವನಿಗೆ ಗೋಡೆ ಗಡಿಯಾರ. ನೂರ ಅರವತ್ತು ರೂಪಾಯಿ ಕೂಡಿತು. ಗಡಿಯಾರಕ್ಕೆ ಅದರ ಅರ್ಧವೂ ಆಗಿರಲಿಕ್ಕಿಲ್ಲ ಎಂಬುದು ನಮಗೆ ಹೊಳೆದದ್ದು ಪತ್ರಿಕೋದ್ಯಮ ಓದಿದ ಮೇಲೆ.

ಇಷ್ಟು ವರ್ಷ ಇದು ನಮ್ಮ ಓಣಿಯ ಕಥೆ ಎಂದೇ ಅಂದುಕೊಂಡಿದ್ದೆವು. ಕಳೆದ ಮಳೆಗಾಲದಲ್ಲಿ ಅಕ್ಕನ ಮಗ, ನಮ್ಮಲ್ಲೇ ಇದ್ದು ಉಜಿರೆಗೆ ಕಾಲೇಜಿಗೆ ಹೋಗುವವನು, ಮೊಬೈಲ್ ಹಿಡಿದುಕೊಂಡು ಬಂದ. ‘ಮಾವ, ನೀವು ಯಾವಾಗಲೂ ಹೇಳುವ ಪ್ಲೇನ್ ಗೇಮ್ ಇದಾ? ಇದರಲ್ಲಿ ಜಪಾನಿನವರು ಎರಡು ನಿಮಿಷದ ಟೂರ್ನಮೆಂಟ್ ಮಾಡ್ತಿದ್ದರಂತೆ.’

ಅದೇ ಆಟ. ಅದೇ ಎರಡು ನಿಮಿಷ. ಆ ರಾತ್ರಿ ನಾವು ನಿದ್ದೆ ಮಾಡಲಿಲ್ಲ, ಓದುತ್ತಾ ಕೂತೆವು.

ಸ್ಟಾರ್ ಫೋರ್ಸ್ ಮೊದಲು 1984ರಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರವಾಗಿ ಬಂತು. ಟೆಹ್ಕಾನ್ ಎಂಬ ಕಂಪನಿಯದ್ದು. ಮರುವರ್ಷ ಹಡ್ಸನ್ ಎಂಬ ಕಂಪನಿ ಅದನ್ನು ಮನೆಯ ಫ್ಯಾಮಿಕಾಮಿಗೆ ತಂದಿತು. ಅದೇ 1985ರ ಬೇಸಿಗೆ ರಜೆಯಲ್ಲಿ ಹಡ್ಸನ್‌ನವರು ಸಾಮಾನು ಕಟ್ಟಿಕೊಂಡು ಊರೂರಿಗೆ ಹೊರಟರು. ಹೋದಲ್ಲಿ ಟಿ.ವಿ.ಗಳನ್ನು ಸಾಲಾಗಿ ಇಟ್ಟು ಮಕ್ಕಳಿಗೆ ಪಂದ್ಯ. ಅದಕ್ಕೆ ಕ್ಯಾರವಾನ್ ಎಂದು ಹೆಸರಿಟ್ಟರು. ನಮ್ಮ ಕಡೆಯ ಮೇಳಗಳ ತಿರುಗಾಟವೇ ಅನ್ನಿ. ಡೇರೆ ಇಲ್ಲ, ಚೆಂಡೆ ಇಲ್ಲ, ಬಾಕಿ ಎಲ್ಲ ಅದೇ. 1986ರಲ್ಲಿ ಸ್ಟಾರ್ ಸೋಲ್ಜರ್ ಎಂಬ ಹೊಸ ಆಟ, 1987ರಲ್ಲಿ ಹೆಕ್ಟರ್ ಎಂಬುದು. ಆಮೇಲೆ ಪಿಸಿ ಎಂಜಿನ್ ಎಂಬ ಬೇರೆ ಯಂತ್ರಕ್ಕೆ ಹೋದರು. ಅದರಲ್ಲಿ 1989ಕ್ಕೆ ಗನ್‌ಹೆಡ್, 1990ಕ್ಕೆ ಸೂಪರ್ ಸ್ಟಾರ್ ಸೋಲ್ಜರ್, 1991ಕ್ಕೆ ಫೈನಲ್ ಸೋಲ್ಜರ್, 1992ಕ್ಕೆ ಸೋಲ್ಜರ್ ಬ್ಲೇಡ್.

ನಮ್ಮ ಬೊಂಬಾಯಿ ಅಣ್ಣನ ಕಷ್ಟವೇ ಅವರಿಗೂ ಇತ್ತು. ಮನೆಗೆ ಮಾರುವ ಆಟ ಉದ್ದ ಇರಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟವರು ಬೈಯುತ್ತಾರೆ. ಪಂದ್ಯದ ಆಟ ಗಿಡ್ಡ ಇರಬೇಕು, ಇಲ್ಲದಿದ್ದರೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ. ಹಾಗಾಗಿ ಆಟದ ಒಳಗೇ ಗಡಿಯಾರ ಕೂರಿಸತೊಡಗಿದರು. ಹೆಕ್ಟರಿನ ಕ್ಯಾಸೆಟಿನಲ್ಲಿಯೇ ಎರಡು ನಿಮಿಷದ್ದು, ಐದು ನಿಮಿಷದ್ದು ಎಂದು ಬೇರೆ ಆಯ್ಕೆ ಇತ್ತು. ಗನ್‌ಹೆಡ್‌ಗೆ ಇನ್ನೂ ಮುಂದೆ ಹೋಗಿ, ಪಂದ್ಯಕ್ಕೆಂದೇ ಬೇರೆ ಪ್ರತಿ ಮಾಡಿದರು. ಸೋಲ್ಜರ್ ಬ್ಲೇಡಿಗೂ ಕ್ಯಾರವಾನಿನ ಹಂತ ಮಾತ್ರ ಇರುವ ವಿಶೇಷ ಕಾರ್ಡ್ ಬಂತು.

ಕಂಬಳ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕರೆಯಲ್ಲಿ ಕೋಣಗಳ ಹಿಂದೆ ಕಟ್ಟುವ ನೇಗಿಲನ್ನು ಹತ್ತಿರದಿಂದ ನೋಡಿದ್ದೀರಾ? ಅದರಲ್ಲಿ ಗದ್ದೆ ಉಳಲು ಆಗುವುದಿಲ್ಲ. ರೂಪ ನೇಗಿಲಿನದ್ದೇ, ಆದರೆ ಹಗುರ, ಓಟಕ್ಕೆಂದೇ ಮಾಡಿಸಿದ್ದು. ಗದ್ದೆಯ ನೇಗಿಲಿನಿಂದ ಹುಟ್ಟಿ ಗದ್ದೆಗೆ ಬೇಡವಾದದ್ದು. ಈ ವಿಶೇಷ ಪ್ರತಿಗಳೂ ಹಾಗೆಯೇ. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ಕಾಲಮಿತಿ ಪ್ರಯೋಗ. ಧರ್ಮಸ್ಥಳ ಮೇಳ 2015ರಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಾಗ ನಮ್ಮ ಊರಿನ ಹಿರಿಯರು ಎಷ್ಟು ಬೇಸರ ಮಾಡಿಕೊಂಡಿದ್ದರು ಎಂದು ನಮಗೆ ನೆನಪುಂಟು. ಬೆಳಗಿನ ಜಾವದ ಪದ್ಯಗಳು ಹೋದವು ಎಂದು. ಹೋದವು, ಹೌದು. ಆದರೆ ಕಾಲಮಿತಿಯಲ್ಲಿ ಕಲಾವಿದ ಬೇರೆ ರೀತಿ ಕುಣಿಯುತ್ತಾನೆ. ಮೊದಲ ಹೆಜ್ಜೆಯಿಂದಲೇ ಕೊಡಬೇಕು, ‘ನಂತರ ನೋಡುವ’ ಎನ್ನುವ ಹಾಗಿಲ್ಲ.

ಎರಡು ನಿಮಿಷದ ಆಟದಲ್ಲಿಯೂ ಆಡುವ ಕ್ರಮವೇ ಬೇರೆಯಾಗುತ್ತದೆ. ಮಾಮೂಲಿ ಆಟದಲ್ಲಿ ಜೀವ ಉಳಿಸಿಕೊಳ್ಳುವುದು ಮುಖ್ಯ. ಕಾಲಮಿತಿಯಲ್ಲಿ ಜೀವ ಉಳಿಸಿಕೊಂಡು ಮೂಲೆಯಲ್ಲಿ ಕೂತರೆ ಏನೂ ಸಿಗುವುದಿಲ್ಲ, ಅಂಕ ಬೇಕು. ಸತ್ತರೆ ಎರಡು ಮೂರು ಸೆಕೆಂಡ್ ನಷ್ಟ, ಅದು ದೊಡ್ಡ ನಷ್ಟವೇ. ಆದರೂ ಎಲ್ಲಿ ಪ್ರಾಣಕ್ಕೆ ಅಪಾಯವೋ ಅಲ್ಲಿಯೇ ಅಂಕ ಇಟ್ಟಿರುತ್ತಾರೆ. ಸ್ಟಾರ್ ಫೋರ್ಸಿನಲ್ಲಿ ಒಂದು ಶತ್ರು ಬರುತ್ತದೆ. ನಡುವೆ ತಿರುಳು, ಸುತ್ತಲಿಂದ ತುಂಡುಗಳು ಬಂದು ಅದಕ್ಕೆ ಕೂಡಿಕೊಳ್ಳುತ್ತವೆ. ಕೂಡಿಕೊಂಡ ಮೇಲೆ ಹೊಡೆದರೆ ಅಂಕ ಸ್ವಲ್ಪ. ಕೂಡುವ ಮೊದಲೇ ತಿರುಳಿಗೆ ಸಾಕಷ್ಟು ಗುಂಡು ಬಿದ್ದರೆ ರಾಶಿ ಅಂಕ. ಅದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಲೆಕ್ಕದ್ದು. ಅಲ್ಲಿ ಬೇಕಾಗುವುದು ಬುದ್ಧಿ ಅಲ್ಲ, ಬೆರಳು.

ಇನ್ನೊಂದು ವಿಷಯ ನಮಗೆ ತುಂಬ ಹಿಡಿಸಿತು. ವಿಶೇಷ ಪ್ರತಿಯಲ್ಲಿ ಎಲ್ಲರಿಗೂ ಅದೇ ದಾರಿ, ಅದೇ ಗಡಿಯಾರ. ಈ ಮಾತು ವರದಿಗಾರನಿಗೆ ನಾಟುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ನೂರು ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟ್ ಜತೆ ಹೋಲಿಸಿತು. ನಾವೂ ಆ ಭಾಗಾಕಾರ ಮಾಡಿ ಸುದ್ದಿ ಕಳುಹಿಸಿದವರೇ. ಕೆಸರು ಬೇರೆ, ಕೋಣ ಎಳೆಯುವುದು ಬೇರೆ, ಒಂದೊಂದು ಊರಿನ ಕರೆಯ ಉದ್ದ ಬೇರೆ. ಐಕಳದವನನ್ನು ವೇಣೂರಿನವನ ಜತೆ ಹೋಲಿಸುವುದೇ ಕಷ್ಟ, ಇನ್ನು ಬೋಲ್ಟ್ ಎಲ್ಲಿಂದ? ಹಡ್ಸನ್‌ನವರು ಮಾಡಿದ್ದು ಎಲ್ಲ ಊರಿಗೂ ಒಂದೇ ಉದ್ದದ ಕರೆ ಹೊತ್ತುಕೊಂಡು ಹೋದ ಹಾಗೆ.

ಬೇರೆ ಕಂಪನಿಗಳೂ ಬಂದವು. ನ್ಯಾಕ್ಸಾಟ್ ಎಂಬವರು 1992ರಲ್ಲಿ ಸಮ್ಮರ್ ಕಾರ್ನಿವಲ್ ಎಂದು ತಮ್ಮದೇ ಪಂದ್ಯ ನಡೆಸಿದರು. ಅದಕ್ಕೆ ತಯಾರಾದ ಆಟದ ಹೆಸರು ರೆಕ್ಕಾ. ನಾವು ಮೊದಲು ‘ರೆಕ್ಕೆ’ ಎಂದೇ ಓದಿ, ವಿಮಾನದ ಆಟಕ್ಕೆ ಒಳ್ಳೆಯ ಹೆಸರು ಇಟ್ಟಿದ್ದಾರೆ ಎಂದುಕೊಂಡೆವು. ಜಪಾನೀ ಭಾಷೆಯಲ್ಲಿ ಭುಗಿಲೆದ್ದ ಬೆಂಕಿ ಎಂದರ್ಥವಂತೆ. ನೋಡಿದರೆ ಹಾಗೆಯೇ ಉಂಟು. ನಮ್ಮ ಬೊಂಬಾಯಿ ಅಣ್ಣನ ಸೆಟ್ ಯಾವುದರ ನಕಲೋ ಅದೇ ಹಳೆಯ ಫ್ಯಾಮಿಕಾಮಿನಲ್ಲಿ ಅಷ್ಟು ವೇಗ ತೆಗೆದಿದ್ದಾರೆ ಎಂದರೆ ನಂಬಲಿಕ್ಕೆ ಆಗುವುದಿಲ್ಲ. ಅದರಲ್ಲಿ ಎರಡು ನಿಮಿಷದಲ್ಲಿ ಎಷ್ಟು ಅಂಕ ಎಂಬ ಪಂದ್ಯವೂ ಉಂಟು, ಹತ್ತು ಲಕ್ಷ ಅಂಕಕ್ಕೆ ಎಷ್ಟು ಹೊತ್ತು ಎಂಬ ಪಂದ್ಯವೂ ಉಂಟು. ಅಮೆರಿಕದಲ್ಲಿ ನಿಂಟೆಂಡೊ 1990ರಲ್ಲಿ ಮಾಡಿದ ಪಂದ್ಯದ ಕ್ಯಾಸೆಟಿನಲ್ಲಿ ಮೂರು ಆಟ ಸೇರಿಸಿ 6 ನಿಮಿಷ 21 ಸೆಕೆಂಡ್ ಇಟ್ಟಿದ್ದರು. ಅದು ಶೂಟಿಂಗ್ ಆಟ ಅಲ್ಲ, ಮಾರಿಯೊ, ಕಾರು, ಟೆಟ್ರಿಸ್. ಅದರ ಬೂದು ಬಣ್ಣದ ಪ್ರತಿಗಳು 90, ಬಂಗಾರದ ಬಣ್ಣದವು 26 ಮಾತ್ರ ಹೊರಗೆ ಹೋದವು. ಈಗ ಅದಕ್ಕೆ ಒಂದು ತೋಟದ ಬೆಲೆ. 1993ರಲ್ಲಿ ಸ್ಟಾರ್ ಫಾಕ್ಸ್ ಎಂಬ ವಿಮಾನದ ಆಟಕ್ಕೂ ಹಂತಗಳನ್ನು ಗಿಡ್ಡ ಮಾಡಿ, ಸಮಯ ಕಟ್ಟಿ, ಪಂದ್ಯದ ಪ್ರತಿ ತಂದರು. ಸಾಲಿನಲ್ಲಿ ನಿಂತ ಮಕ್ಕಳ ಬೆವರಿನ ಕೈಗೆಂದು ಮಾಡಿದ ವಸ್ತುಗಳು ಈಗ ಯಾರ ಕೈಗೂ ಸಿಗದ ಹಾಗೆ ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ.

ಹಡ್ಸನ್ ಕ್ಯಾರವಾನಿನ ದೊಡ್ಡ ಹೆಸರು ತಕಾಹಾಶಿ ಎಂಬವರದ್ದು. ಕಂಪನಿಯ ನೌಕರ. ಅದಕ್ಕೂ ಮೊದಲು ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುತ್ತಿದ್ದವರು. ಸೆಕೆಂಡಿಗೆ 16 ಸಲ ಬಟನ್ ಒತ್ತುತ್ತಾರೆ ಎಂಬ ಖ್ಯಾತಿ. ಮೇಯ್ಜಿನ್, ಅಂದರೆ ನಿಪುಣ ಎಂದು ಬಿರುದು. ಮಕ್ಕಳು ತಮ್ಮ ಬೆರಳಿನ ವೇಗ ತಾವೇ ನೋಡಿಕೊಳ್ಳಲು ಹಡ್ಸನ್ 1987ರಲ್ಲಿ ಒಂದು ಪುಟ್ಟ ಯಂತ್ರವನ್ನೂ ಮಾರಿತು, ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಒತ್ತಿದಿರಿ ಎಂದು ಅದು ಲೆಕ್ಕ ಹೇಳುತ್ತದೆ. ಇನ್ನೊಂದು ಕಡೆ ಇದೇ ತಕಾಹಾಶಿ ಮಕ್ಕಳಿಗೆ ‘ಆಟ ದಿನಕ್ಕೆ ಒಂದು ಗಂಟೆ’ ಎಂದು ಹೇಳಿಕೊಂಡು ತಿರುಗಿದರು. ಇಷ್ಟೆಲ್ಲ ಆದ ಮೇಲೆ ಗಾಳಿಸುದ್ದಿ ಹುಟ್ಟದೆ ಇರುತ್ತದಾ? ತಕಾಹಾಶಿ ಬಟನ್ ಒಳಗೆ ಸ್ಪ್ರಿಂಗ್ ಇಟ್ಟುಕೊಂಡು ಸಿಕ್ಕಿಬಿದ್ದರು, ಪೊಲೀಸರು ಹಿಡಿದುಕೊಂಡು ಹೋದರು ಎಂದು ಜಪಾನಿನ ಮಕ್ಕಳೆಲ್ಲ ಮಾತಾಡಿಕೊಂಡರಂತೆ. ಸುಳ್ಳು. ಅವರು ಕೈಯಲ್ಲೇ ಒತ್ತಿದ್ದರು.

ಸ್ಪ್ರಿಂಗಿನ ಈ ಮಾತು ಓದಿದಾಗ ರಾತ್ರಿ ಎರಡು ಗಂಟೆ. ಅಳಿಯ ಮಲಗಿದ್ದ. ನಾವು ಎದ್ದು ಹೋಗಿ ಒಂದು ಲೋಟ ನೀರು ಕುಡಿದೆವು.

ಬೊಂಬಾಯಿ ಅಣ್ಣನ ಸೆಟ್ಟಿನ ರಿಮೋಟಿನಲ್ಲಿ ಎರಡು ಮಾಮೂಲಿ ಬಟನ್, ಅವುಗಳ ಮೇಲೆ ಎರಡು ಟರ್ಬೊ ಬಟನ್ ಇದ್ದವು. ಟರ್ಬೊ ಒತ್ತಿ ಹಿಡಿದರೆ ಸಾಕು, ಗುಂಡು ತನ್ನಷ್ಟಕ್ಕೆ ಟರ್ರೆಂದು ಹೋಗುತ್ತದೆ. ಪಂದ್ಯಕ್ಕೆ ಅದು ನಿಷಿದ್ಧ. ಅಣ್ಣ ಅವೆರಡರ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ದ. ಬೇಸಿಗೆ, ಹದಿನಾರು ಮಕ್ಕಳ ಬೆವರು. ಫೈನಲ್ ಬರುವ ಹೊತ್ತಿಗೆ ಟೇಪಿನ ಅಂಟು ಮೆತ್ತಗಾಗಿತ್ತು. ಮೇಲಿನಿಂದಲೇ ಒತ್ತಿದರೆ ಕೆಳಗೆ ಬಟನ್ ಇಳಿಯುತ್ತಿತ್ತು. ಸೆಮಿಫೈನಲ್‌ನಲ್ಲಿ ಹೆಬ್ಬೆರಳು ಜಾರಿದಾಗ ಅದು ನಮಗೆ ತಿಳಿಯಿತು. ಜಾರಿದ್ದು ನಿಜ. ಫೈನಲ್‌ನಲ್ಲಿ ಜಾರಲಿಲ್ಲ, ನಾವು ಬೇಕೆಂದೇ ಒತ್ತಿದೆವು.

ಎದುರಾಳಿ ಪಕ್ಕದ ಮನೆಯ ಗೆಳೆಯ. ಅವನು ಮೊದಲು ಆಡಿದ. ಮೊಣಕೈ ಮಂಡಿಗೆ ಊರಿ, ಇಡೀ ಮುಂಗೈ ನಡುಗಿಸಿ ಒತ್ತುತ್ತಿದ್ದ. ಅವನ ಗುಂಡಿನ ಸದ್ದು ಒಮ್ಮೆ ಬಿರುಸು, ಒಮ್ಮೆ ನಿಧಾನ, ನಡುವೆ ಒಂದು ತಪ್ಪು. ನಮ್ಮದು ಒಂದೇ ಸಮ. ಕೂಡುವ ಮೊದಲೇ ಆ ತಿರುಳು ಒಡೆಯಿತು. ಬೀಪ್ ಎಂದಾಗ ನಮಗೆ ಹನ್ನೆರಡು ಸಾವಿರ ಅಂಕ ಹೆಚ್ಚು.

ಇನ್ನೊಂದು ಲೆಕ್ಕವೂ ಉಂಟು. ಆ ಹತ್ತು ರೂಪಾಯಿ.

ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ತಾಲೂಕಿನಲ್ಲಿ ಆಗ ಎಷ್ಟು ಮನೆ ಬೀಡಿಯಿಂದ ನಡೆಯುತ್ತಿತ್ತು ಎಂದು ಹೇಳುವ ಅಗತ್ಯ ಇಲ್ಲ. ಇದನ್ನು ಓದುವ ಅರ್ಧದಷ್ಟು ಜನರ ಶಾಲೆಯ ಫೀಸು ಅಲ್ಲಿಂದಲೇ ಬಂದದ್ದು. ಮಡಿಲಲ್ಲಿ ತಡ್ಪೆ, ಎಲೆ ಕತ್ತರಿಸಿ, ಪುಡಿ ಹಾಕಿ, ಸುರುಟಿ, ನೂಲು ಸುತ್ತಿ, ತುದಿ ಮಡಚಿ, ಇಪ್ಪತ್ತೈದಕ್ಕೆ ಒಂದು ಕಟ್ಟ. ಸಾವಿರಕ್ಕೆ ಮಜೂರಿ. ಬ್ರಾಂಚಿನಲ್ಲಿ ಕೈಗೆತ್ತಿಕೊಂಡು ನೋಡಿ ಸರಿ ಇಲ್ಲದ್ದನ್ನು ಬದಿಗೆ ಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ಅಮ್ಮ ದುಡ್ಡು ಇಡುತ್ತಿದ್ದದ್ದು ಅಕ್ಕಿ ಡಬ್ಬಿಯ ಹಿಂದೆ, ಹಳೆಯ ಪೌಡರ್ ಡಬ್ಬಿಯಲ್ಲಿ. ಅಲ್ಲಿಂದ ನಾವು ಹತ್ತು ರೂಪಾಯಿ ತೆಗೆದೆವು. ಆಗಿನ ಮಜೂರಿಯಲ್ಲಿ ಅದು ಇನ್ನೂರಕ್ಕೂ ಹೆಚ್ಚು ಬೀಡಿ.

ಗಡಿಯಾರ ತಂದು ಕೊಟ್ಟಾಗ ಅಮ್ಮ ತಿರುಗಿಸಿ ತಿರುಗಿಸಿ ನೋಡಿದರು. ‘ಆಟ ಆಡಿದ್ದಕ್ಕೆ ಗಡಿಯಾರ ಕೊಡುತ್ತಾರಾ?’ ಎಂದರು. ಚಾವಡಿಯಲ್ಲಿ ತಾವು ಕೂರುವ ಜಾಗದ ಎದುರಿಗೆ ಮೊಳೆ ಹೊಡೆಸಿದರು. ಅದರ ಮೊದಲು ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬಸ್ಸಿನ ಹಾರ್ನ್, ರೇಡಿಯೋದ ವಾರ್ತೆ, ಇವೇ ಸಮಯ.

ಆಮೇಲೆ ಆದದ್ದನ್ನು ನಾವು ಎಣಿಸಿರಲಿಲ್ಲ. ಅಮ್ಮ ಗಡಿಯಾರ ನೋಡಿ ಬೀಡಿ ಕಟ್ಟಲು ಶುರು ಮಾಡಿದರು. ಗಂಟೆಗೆ ನಾಲ್ಕು ಕಟ್ಟ, ಐದು ಕಟ್ಟ. ಊಟದ ಮೊದಲು ಇಷ್ಟು, ದನಕ್ಕೆ ಹುಲ್ಲು ತರುವ ಮೊದಲು ಇಷ್ಟು. ಒಂದು ಕಟ್ಟ ಕಡಿಮೆಯಾದರೆ ತನ್ನಷ್ಟಕ್ಕೆ ಗೊಣಗುತ್ತಿದ್ದರು. ಮೊದಲೆಲ್ಲ ಆಚೆ ಮನೆಯವರು ಬಂದು ಕೂತರೆ ಮಾತಾಡುತ್ತಾ ಕಟ್ಟುವ ಕ್ರಮ, ಆಮೇಲೆ ಮಾತಿನ ನಡುವೆ ಕಣ್ಣು ಗೋಡೆಗೆ ಹೋಗುತ್ತಿತ್ತು. ‘ಗಡಿಯಾರ ಬಂದ ಮೇಲೆ ನನಗೆ ಪುರುಸೊತ್ತು ಹೋಯಿತು’ ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಾವೂ ನಕ್ಕಿದ್ದೆವು. ಬೀಡಿ ಬಿಟ್ಟು ಈಗ ಹತ್ತು ವರ್ಷದ ಮೇಲಾಯಿತು. ಬಲಗೈಯ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಅಂಗಿಯ ಗುಂಡಿ ಹಾಕಲು ಅಳಿಯನ ಮಗುವನ್ನು ಕರೆದ ಹಾಗೆ ನಮ್ಮನ್ನು ಕರೆಯುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಹತ್ತಿರದ ಮೈದಾನದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ. ನಾವು ವರದಿಗೆ ಹೋಗಿದ್ದೆವು. ಹೊನಲು ಬೆಳಕು, ತಂಡಕ್ಕೆ ನಾಲ್ಕೇ ಓವರು. ಸ್ಕೋರು ಬರೆಯುವ ಮೇಜಿನ ಹತ್ತಿರ ಪಕ್ಕದ ಮನೆಯ ಗೆಳೆಯ ನಿಂತಿದ್ದ. ಈಗ ಅವನು ಬೆಳ್ತಂಗಡಿಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಚಹಾ ಕುಡಿಯುತ್ತಾ ನಾವು ಜಪಾನಿನ ಕಥೆ ಎಲ್ಲ ಹೇಳಿದೆವು. ಅವನಿಗೆ ಬಹಳ ಖುಷಿಯಾಯಿತು. ‘ನಮ್ಮ ಬೊಂಬಾಯಿ ಅಣ್ಣ ಜಪಾನಿನವರಿಗೆ ಸರಿಸಮ ಮಾರಾಯ’ ಎಂದ. ಆ ಖುಷಿಯ ನಡುವೆ ನಮಗೆ ತಡೆಯಲಿಕ್ಕೆ ಆಗಲಿಲ್ಲ. ಟೇಪಿನ ವಿಷಯ ಹೇಳಿದೆವು.

ಅವನು ಗ್ಲಾಸಿನ ತಳದ ಚಹಾ ಚೆಲ್ಲಿ, ‘ಗೊತ್ತುಂಟು’ ಎಂದ.

‘ಹೇಗೆ?’

‘ಸದ್ದಿನಲ್ಲೇ ಗೊತ್ತಾಗುತ್ತದಲ್ಲ. ಕೈಯಲ್ಲಿ ಒತ್ತಿದರೆ ಹಾಗೆ ಒಂದೇ ಸಮ ಬರುವುದಿಲ್ಲ. ಈಗಲೂ ಇಂಜಿನ್ ಸದ್ದು ಕೇಳಿಯೇ ನಾನು ಕೆಲಸ ಹಿಡಿಯುವುದು.’

‘ಮತ್ತೆ ಆವತ್ತು ಯಾಕೆ ಹೇಳಲಿಲ್ಲ?’

‘ಹೇಳಿದ್ದರೆ ಗಲಾಟೆ ಆಗುತ್ತಿತ್ತು. ಅಣ್ಣ ಸೆಟ್ ಒಳಗೆ ಇಟ್ಟುಬಿಡುತ್ತಿದ್ದ. ಮರುದಿನ ಆಡಲಿಕ್ಕೆ ಸಿಗುತ್ತಿತ್ತಾ?’

ಎಂಥ ಸರಳ ಲೆಕ್ಕ. ನಮಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೈದಿದ್ದರೆ ಆಗುತ್ತಿತ್ತೋ ಏನೋ. ಗಡಿಯಾರ ಕೊಂಡುಹೋಗು ಎಂದೆವು. ‘ನೋಡಿ ಹೋಗುವ, ಬಾ’ ಎಂದು ಬೈಕ್ ತೆಗೆದ.

ಅಮ್ಮನಿಗೆ ಅವನು ಬಂದದ್ದು ಸಂತೋಷ. ಹೆಂಡತಿ, ಮಕ್ಕಳು, ಮನೆಯ ಸಾಲ, ಎಲ್ಲ ಕೇಳಿದರು. ಅವನು ಗೋಡೆಯ ಎದುರು ನಿಂತು, ‘ಅಮ್ಮ, ಇದು ನ್ಯಾಯಕ್ಕೆ ನನ್ನ ಗಡಿಯಾರ’ ಎಂದ, ತಮಾಷೆಗೆ. ಅಮ್ಮ ನಮ್ಮ ಮುಖ ನೋಡಿದರು. ಹೇಳಲೇಬೇಕಾಯಿತು. ಟೇಪ್ ಹೇಳಿದೆವು. ಹೇಳುವ ಭರದಲ್ಲಿ ಪೌಡರ್ ಡಬ್ಬಿಯೂ ಬಾಯಿಗೆ ಬಂತು.

ಟರ್ಬೊ ಬಟನ್ ಎಂದರೆ ಏನು ಎಂದು ಅಮ್ಮ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹತ್ತು ರೂಪಾಯಿ ನೀನು ತೆಗೆದದ್ದಾ? ನಾನು ಅದಕ್ಕೆ ನಿನ್ನ ಅಕ್ಕನಿಗೆ ಹೊಡೆದೆನಲ್ಲ’ ಎಂದರು.

ನಮಗೆ ಆ ವಿಷಯ ಗೊತ್ತೇ ಇರಲಿಲ್ಲ. ಆ ವಾರ ಅಕ್ಕನ ತಲೆಯಲ್ಲಿ ಹೊಸ ಕ್ಲಿಪ್ ಇತ್ತಂತೆ. ಅಜ್ಜಿ ಕೊಟ್ಟ ದುಡ್ಡಿನದ್ದು ಎಂದು ಅವಳು ಹೇಳಿದರೂ ಅಮ್ಮ ನಂಬಲಿಲ್ಲ. ಬೀಡಿ ಎಲೆಯ ಕಟ್ಟಿನ ಹಗ್ಗದಲ್ಲಿ ಎರಡು ಬಿಟ್ಟರಂತೆ. ನಾವು ಆಗ ಎಲ್ಲಿದ್ದೆವು? ಬೊಂಬಾಯಿ ಅಣ್ಣನ ಮನೆಯಲ್ಲಿ, ಅಭ್ಯಾಸ ಮಾಡುತ್ತಾ ಇದ್ದಿರಬೇಕು.

ಗೆಳೆಯ ಗಡಿಯಾರ ಕೊಂಡುಹೋಗಲಿಲ್ಲ. ಅದರ ಎದುರು ನಿಂತು ಒಂದು ಸೆಲ್ಫಿ ತೆಗೆದುಕೊಂಡು, ಸೆಲ್ ಹೋಗಿದೆ, ಐದು ನಿಮಿಷ ಹಿಂದೆ ಓಡುತ್ತಿದೆ ಎಂದು ಹೇಳಿ ಹೋದ. ಮೂಲೆಯಲ್ಲಿ ಕೂತಿದ್ದ ಅಳಿಯ ಎಲ್ಲ ಕೇಳಿಸಿಕೊಂಡಿದ್ದ. ನಾವು ಧೈರ್ಯ ಮಾಡಿ ಅಕ್ಕನಿಗೆ ಫೋನ್ ಮಾಡುವಷ್ಟರಲ್ಲಿ ಅವನು ತನ್ನ ಅಮ್ಮನಿಗೆ ವಾಟ್ಸಾಪ್ ಕಳುಹಿಸಿ ಆಗಿತ್ತು.

‘ಆ ಕ್ಲಿಪ್ಪು ಅಜ್ಜಿ ಕೊಟ್ಟ ದುಡ್ಡಿನದ್ದೇ’ ಎಂದಳು ಅಕ್ಕ, ಹಲೋ ಎನ್ನುವ ಮೊದಲೇ. ‘ಅಮ್ಮನಿಗೆ ಕೊಡು.’

ನಾವು ಅಮ್ಮನ ಕೈಗೆ ಮೊಬೈಲ್ ಕೊಟ್ಟು ಅಂಗಳಕ್ಕೆ ಇಳಿದೆವು. ಅವರಿಬ್ಬರು ಎಷ್ಟು ಹೊತ್ತು ಮಾತಾಡಿದರು ಎಂದು ನಾವು ನೋಡಲಿಲ್ಲ.